ಸ್ಪಷ್ಟನೆ: ಥರ್ಮೋಸ್ಟಾಟ್ ಕಿತ್ತರೆ ಹಳೆಯ ಸ್ಪೋರ್ಟ್ಸ್ ಕಾರಿನ ಬಿಸಿ ಇಳಿಯುವುದಿಲ್ಲ

‘ನಂದಿ ಬೆಟ್ಟ ಹತ್ತುವ ಮುನ್ನ ಹಳೆಯ ಸ್ಪೋರ್ಟ್ಸ್ ಕಾರಿನ ಥರ್ಮೋಸ್ಟಾಟ್ ಕಿತ್ತುಹಾಕಿ, ರೇಡಿಯೇಟರಿಗೆ ಕೊಳವೆಬಾವಿಯ ನೀರು ತುಂಬಿ, ಎಂಜಿನ್ ಬಿಸಿಯೇರದು’ ಎಂಬ ಸಂದೇಶ ಚಿಕ್ಕಬಳ್ಳಾಪುರದ ಕಾರುಪ್ರಿಯರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನ ಬಿಸಿನೀರನ್ನು ತಂಪಾಗಲು ರೇಡಿಯೇಟರಿಗೆ ಬಿಡುವ ಕವಾಟ. ಸಾಮಾನ್ಯವಾಗಿ ಅದು 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಬಿಸಿಯೇರಿದ ಎಂಜಿನ್ನಿನಲ್ಲಿ ಅದು ಈಗಾಗಲೇ ತೆರೆದಿರುತ್ತದೆ. ಕಿತ್ತರೆ ಸಿಗುವ ಲಾಭ ಅತ್ಯಲ್ಪ. ಕೆಲವು ಹಳೆಯ ಎಂಜಿನ್ನುಗಳಲ್ಲಂತೂ ನೀರು ರೇಡಿಯೇಟರನ್ನು ಬಿಟ್ಟು ಅಡ್ಡದಾರಿಯಲ್ಲೇ ಸುತ್ತಿ, ಬಿಸಿ ಇನ್ನೂ ಹೆಚ್ಚುತ್ತದೆ. ಥರ್ಮೋಸ್ಟಾಟ್ ಕೆಟ್ಟು ಮುಚ್ಚಿಕೊಂಡಿದ್ದರೆ ಹೊಸದನ್ನು ಹಾಕಿಸಿ.

ಕೊಳವೆಬಾವಿ ನೀರಿನ ಸಲಹೆ ಇನ್ನೂ ಅಪಾಯಕಾರಿ. ನಮ್ಮ ಕಡೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ಬಳಸಿ.

ಸುಮಾರು 1,478 ಮೀಟರ್ ಎತ್ತರದ ಬೆಟ್ಟದ ತುದಿಯಲ್ಲಿ ನೀರು 95 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಕಾಪಾಡುವುದು ರೇಡಿಯೇಟರಿನ ಒತ್ತಡದ ಮುಚ್ಚಳ. 7 ಪಿಎಸ್‌ಐ (ಒತ್ತಡದ ಅಳತೆ) ಮುಚ್ಚಳ ಕುದಿಬಿಂದುವನ್ನು ಸುಮಾರು 12 ಡಿಗ್ರಿ ಏರಿಸುತ್ತದೆ. ಅದರ ರಬ್ಬರ್, ಸ್ಪ್ರಿಂಗ್ ಸೋತಿವೆಯೇ ನೋಡಿ. ಫ್ಯಾನ್ ಬೆಲ್ಟ್ ಸಡಿಲವಾಗಿದೆಯೇ, ಇಗ್ನಿಷನ್ ಟೈಮಿಂಗ್ (ಎಂಜಿನ್ನಿನಲ್ಲಿ ಕಿಡಿ ಹಾರುವ ಸಮಯ) ಹಿಂದೆ ಸರಿದಿದೆಯೇ ಎಂದೂ ಮೆಕ್ಯಾನಿಕ್‌ರಿಂದ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಿರುವಾಗ ಮಾತ್ರ ಆ ಮುಚ್ಚಳಕ್ಕೆ ಕೈಹಾಕಬೇಡಿ.