ಹಾಳೆಯ ಹಿಂದೆ ಏನಿದೆ ಅಂತ ಕೇಳಿದ್ದಕ್ಕೆ

ಮಧ್ಯಾಹ್ನದಿಂದ ತಲೆ ಕೆಟ್ಟಿದೆ. ಬರೆದರೆ ಸಿಟ್ಟು ಇಳಿದೀತು ಅಂತ ಕೂತಿದ್ದೇನೆ, ಉದ್ದವಾದರೆ ಸಹಿಸಿಕೊಳ್ಳಿ.

ಹಳೆ ಸಾಮಾನಿನ ಸಂತೆಗೆ ಹೋಗಿದ್ದೆ. ಇಂಗ್ಲೆಂಡಿಗೆ ಬಂದ ಮೇಲೆ ನನ್ನ ಶನಿವಾರಗಳೆಲ್ಲ ಎಲ್ಲಿ ಕಳೆಯುತ್ತವೆ ಅಂತ ನಿಮಗೆ ಗೊತ್ತೇ ಇದೆ. ಒಂದು ಮಳಿಗೆಯಲ್ಲಿ ಎರಡನೇ ಮಹಾಯುದ್ಧದ ಕಾಲದ ಪತ್ರಿಕೆಗಳ ಹಾಳೆಗಳನ್ನು ರಟ್ಟಿಗೆ ಅಂಟಿಸಿ, ಮೇಲೆ ನಡುವೆ ಕಿಂಡಿ ಕತ್ತರಿಸಿದ ಕೆನೆಬಣ್ಣದ ರಟ್ಟು, ಅಂದರೆ ಮೌಂಟ್, ಕೂರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಸಾಲಾಗಿ ನಿಲ್ಲಿಸಿದ್ದರು. ಸೋಪಿನ ಜಾಹೀರಾತು, ಹೆಂಗಸರ ಕೋಟಿನ ಜಾಹೀರಾತು, ಬಾಂಬರ್ ವಿಮಾನದ ಚಿತ್ರ. ಎಲ್ಲದಕ್ಕೂ ಒಂದೇ ಚೀಟಿ: ‘ಅಸಲಿ ಹಾಳೆ, 1940ರ ದಶಕ’. ಮೇಜಿನ ಕೆಳಗಿನ ಡಬ್ಬದಲ್ಲಿ ಇನ್ನೂ ಬಿಚ್ಚದ ಪೂರ್ತಿ ಸಂಚಿಕೆಗಳು. ಡಬ್ಬದ ಮೇಲೆ ಸ್ಟೀಲ್ ಸ್ಕೇಲು, ಬ್ಲೇಡು.

ಸೋಪಿನ ಹಾಳೆ ಎತ್ತಿಕೊಂಡು, “ಇದರ ಹಿಂದೆ ಏನಿದೆ?” ಅಂತ ಕೇಳಿದೆ.

“ಹಿಂದೆಯಾ? ರಟ್ಟು ಇದೆ” ಅಂದ ಮಳಿಗೆಯವನು.

ಅಪ್ಪನ ಪ್ರೆಸ್ಸಿನಲ್ಲಿ ಫಾರಂ ಮಡಿಸುತ್ತಾ ಬೆಳೆದವಳು ನಾನು. ಒಂಟಿ ಪುಟ ಅನ್ನೋದನ್ನ ನಾನು ಯಾವತ್ತೂ ನೋಡಿದವಳಲ್ಲ. ಎಂಟೋ ಹದಿನಾರೋ ಪುಟಗಳು ಫಾರಂ ಅನ್ನೋ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುತ್ತವೆ, ಮಡಿಸಿದಾಗ ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ, ಎದುರಿಗೆ ಮತ್ತೊಂದು ಬರುತ್ತದೆ. ಯಾವ ಸುದ್ದಿಯ ಎದುರು ಯಾವ ಚಿತ್ರ ಕೂರಬೇಕು ಅಂತ ಯಾರೋ ರಾತ್ರಿ ನಿದ್ದೆಗೆಟ್ಟು ಯೋಚಿಸಿರುತ್ತಾರೆ. ಆ ಬೆನ್ನಿಗೆ ಅಂಟು ಬಳಿದು ರಟ್ಟಿಗೆ ಒತ್ತಿದರೆ ಅರ್ಧ ಹಾಳೆ ಸತ್ತಂತೆ. ಅದನ್ನ ಅಸಲಿ ಅಂತ ಮಾರೋದು ನನಗೆ ಸಹಿಸಲಿಕ್ಕೆ ಆಗೋದಿಲ್ಲ.

ಯುದ್ಧಕಾಲದ ಹಾಳೆ ಅಂದರೆ ಬೇರೆ ಹಳೆ ಹಾಳೆಗಳ ಹಾಗಲ್ಲ. ಅದರ ಅರ್ಥ ವಾರ ವಾರಕ್ಕೂ ಬದಲಾಗುತ್ತಿತ್ತು. ಬ್ರಿಟನ್ನಿನಲ್ಲಿ ಬೆಣ್ಣೆ, ಸಕ್ಕರೆ, ಬೇಕನ್ ರೇಷನ್ ಆಗಿದ್ದು 1940ರ ಜನವರಿ 8ರಂದು. ಬಟ್ಟೆ 1941ರ ಜೂನ್ 1ಕ್ಕೆ. ಸೋಪು 1942ರ ಫೆಬ್ರವರಿಯಲ್ಲಿ. ಹಾಗಾದರೆ ನನ್ನ ಕೈಯಲ್ಲಿದ್ದ ಸೋಪಿನ ಜಾಹೀರಾತು 1941ರದ್ದೋ 1942ರ ಬೇಸಿಗೆಯದ್ದೋ? ಮೊದಲನೆಯದಾದರೆ ಅದು ಬರಿ ಮಾರಾಟದ ಮಾತು. ಎರಡನೆಯದಾದರೆ, ಕೂಪನ್ ಲೆಕ್ಕ ಹಾಕುತ್ತಾ ಮಕ್ಕಳ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳಿಗೆ ಕಂಪನಿ ಹೇಳುತ್ತಿದ್ದ ಮಾತು. ಎರಡೂ ಒಂದೇ ಅಲ್ಲ. ಆದರೆ ‘1940ರ ದಶಕ’ ಅನ್ನೋ ಚೀಟಿಗೆ ಎರಡೂ ಒಂದೇ.

ತಾರೀಖು ಹುಡುಕೋದು ಕಷ್ಟವಾಗಿತ್ತೇ? ಇಲ್ಲ. 1842ರಿಂದ ಬರುತ್ತಿದ್ದ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ ವಾರಪತ್ರಿಕೆಯನ್ನೇ ತೆಗೆದುಕೊಳ್ಳಿ, ಪುಟದ ನೆತ್ತಿಯಲ್ಲೇ ಪತ್ರಿಕೆಯ ಹೆಸರು, ತಾರೀಖು ಅಚ್ಚಾಗಿರುತ್ತದೆ. ಮೌಂಟಿನ ಕಿಂಡಿ ಕತ್ತರಿಸುವಾಗ ಇವರು ಮೊದಲು ಮುಚ್ಚುವುದೇ ಆ ಸಾಲನ್ನ. ಚಿತ್ರ ಚೆನ್ನಾಗಿ ಕಾಣಲಿ ಅಂತ!

ಇನ್ನು ಕಾಗದ. 1940ರ ಏಪ್ರಿಲಿನಲ್ಲಿ ಜರ್ಮನಿ ನಾರ್ವೆಗೆ ನುಗ್ಗಿದ ಮೇಲೆ ಅಲ್ಲಿಂದ ಬರುತ್ತಿದ್ದ ಪಲ್ಪ್, ಅಂದರೆ ಕಾಗದ ಮಾಡುವ ಮರದ ತಿರುಳು, ನಿಂತುಹೋಯಿತು. ಪತ್ರಿಕೆಗಳು ತೆಳ್ಳಗಾದವು, ಮಾರ್ಜಿನ್ನು ಸಣ್ಣದಾಯಿತು, ಅಕ್ಷರ ಕಿರಿದಾಯಿತು. 1942ರ ಹೊತ್ತಿಗೆ ಬ್ರಿಟನ್ನಿನಲ್ಲಿ ಕಾಗದ ಸುಡುವುದು, ಎಸೆಯುವುದು ಅಪರಾಧವಾಗಿತ್ತು. ಹಳೆ ಪುಸ್ತಕ, ಪತ್ರಿಕೆ, ಕಾಗದಪತ್ರ ಎಲ್ಲವನ್ನೂ ಮನೆಮನೆಯಿಂದ ಕೂಡಿಸಿ ಮತ್ತೆ ಪಲ್ಪ್ ಮಾಡುತ್ತಿದ್ದರು. ಅಷ್ಟನ್ನೆಲ್ಲ ದಾಟಿ, ಯಾರದೋ ಅಟ್ಟದಲ್ಲಿ ಪೂರ್ತಿಯಾಗಿ ಉಳಿದುಬಂದ ಸಂಚಿಕೆಯೊಂದು ಈಗ, ಎಂಬತ್ತು ವರ್ಷದ ಮೇಲೆ, ಬ್ಲೇಡಿಗೆ ಸಿಗುತ್ತಿದೆ. ಹಿಟ್ಲರನ ಬಾಂಬಿಗೂ ಸಿಗದೆ ಉಳಿದದ್ದು. ನನಗೆ ಹೊಟ್ಟೆ ಉರಿಯದೆ ಇನ್ನೇನಾಗಬೇಕು?

ಎದುರು ಪುಟ ಹೋದರೆ ಏನು ಹೋಗುತ್ತದೆ ಅನ್ನೋದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಎರಡೂ ಅಮೆರಿಕದವು, ಎರಡೂ 1943ರವು.

‘ಲೈಫ್’ ಪತ್ರಿಕೆಯ ಸೆಪ್ಟೆಂಬರ್ 20ರ ಸಂಚಿಕೆ. ನ್ಯೂಗಿನಿಯ ಬೂನಾ ಕಡಲತೀರದ ಮರಳಲ್ಲಿ ಸತ್ತುಬಿದ್ದ ಮೂವರು ಅಮೆರಿಕನ್ ಸೈನಿಕರ ಫೋಟೋ ಅದರಲ್ಲಿದೆ. ತೆಗೆದವರು ಜಾರ್ಜ್ ಸ್ಟ್ರಾಕ್. ತಮ್ಮ ಸೈನಿಕರ ಹೆಣ ತೋರಿಸಬಾರದು ಅಂತ ಸೆನ್ಸಾರಿನವರು ಆ ಫೋಟೋವನ್ನ ತಿಂಗಳುಗಟ್ಟಲೆ ತಡೆಹಿಡಿದಿದ್ದರು. ಕೊನೆಗೆ ಅನುಮತಿ ಸಿಕ್ಕಾಗ ಪತ್ರಿಕೆ ಅದರ ಜೊತೆಗೆ ಇಡೀ ಪುಟದ ಸಂಪಾದಕೀಯ ಬರೆಯಿತು, ಇದನ್ನ ಯಾಕೆ ಅಚ್ಚು ಹಾಕುತ್ತಿದ್ದೇವೆ ಅಂತ. ಫೋಟೋ ಒಂದೇ ಕತ್ತರಿಸಿದರೆ ಗೋಡೆಗೆ ಸಿಗುವುದು ಮೂರು ಹೆಣ. ಜೊತೆಗಿದ್ದ ಪುಟ ಇದ್ದರೆ ಮಾತ್ರ ಒಂದು ದೇಶ ತನ್ನ ಸಾವನ್ನ ನೋಡುವ ಧೈರ್ಯ ತಂದುಕೊಂಡ ಕ್ಷಣ ಸಿಗುತ್ತದೆ.

ಇನ್ನೊಂದು ನನ್ನನ್ನ ಇನ್ನೂ ಹೆಚ್ಚು ಕಾಡುವಂಥದ್ದು. ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ಆ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ನಾಲ್ಕು ವಾರ ಅಧ್ಯಕ್ಷ ರೂಸ್ವೆಲ್ಟ್ ಭಾಷಣದಲ್ಲಿ ಹೇಳಿದ್ದ ನಾಲ್ಕು ಸ್ವಾತಂತ್ರ್ಯಗಳ ಮೇಲೆ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಬರೆದ ಚಿತ್ರಗಳನ್ನ ಛಾಪಿಸಿತು. ಮಾರ್ಚ್ 6ರದ್ದು ಕೊರತೆಯಿಂದ ಮುಕ್ತಿಯ ಚಿತ್ರ. ಅಜ್ಜಿ ದೊಡ್ಡ ಟರ್ಕಿ ಕೋಳಿಯ ತಟ್ಟೆ ಹಿಡಿದು ನಿಂತಿರುವುದು, ಮೇಜಿನ ಸುತ್ತ ನಗುಮುಖಗಳು, ನೀವೆಲ್ಲ ನೋಡಿಯೇ ಇರುತ್ತೀರಿ. ಪ್ರತಿ ಚಿತ್ರಕ್ಕೂ ಒಂದು ಪ್ರಬಂಧ ಇತ್ತು. ಇದಕ್ಕೆ ಬರೆದವರು ಕಾರ್ಲೋಸ್ ಬುಲೋಸಾನ್. ಫಿಲಿಪ್ಪೀನ್ಸಿನಿಂದ ಬಂದು ಅಮೆರಿಕದ ಹೊಲಗಳಲ್ಲಿ ಕೂಲಿ ಮಾಡಿದ ಮನುಷ್ಯ. ಅವರ ಊರು ಆಗ ಜಪಾನೀಯರ ಕೈಯಲ್ಲಿತ್ತು, ಫಿಲಿಪ್ಪೀನೋಗಳಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ಅಂಥವರು ಬರೆದದ್ದು ಬೆಳೆ ಬೆಳೆದೂ ಹೊಟ್ಟೆ ತುಂಬದವರ ಪರವಾಗಿ. ಚಿತ್ರಕ್ಕೆ ಎಲ್ಲರೂ ಕಟ್ಟು ಹಾಕಿಸುತ್ತಾರೆ. ಬುಲೋಸಾನ್ ಬರೆದ ಹಾಳೆಗೆ ಕಟ್ಟು ಹಾಕಿಸಿದವರನ್ನ ನಾನಂತೂ ನೋಡಿಲ್ಲ. ಕೋಳಿ ಗೋಡೆಗೆ, ಕೂಲಿಯವನ ಮಾತು ರದ್ದಿಗೆ. ಇದನ್ನ ಬರೆಯುವಾಗಲೂ ಕಣ್ಣು ತುಂಬುತ್ತಿದೆ, ಏನು ಮಾಡಲಿ.

ಅದೇ 1943. ಆಗಸ್ಟ್ 22ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಬಂಗಾಳದ ಬರಗಾಲದ ಫೋಟೋಗಳನ್ನ ಪ್ರಕಟಿಸಿತು. ಸಂಪಾದಕ ಇಯಾನ್ ಸ್ಟೀಫನ್ಸ್. ಕಮ್ಯುನಿಸ್ಟ್ ಪಕ್ಷದ ‘ಪೀಪಲ್ಸ್ ವಾರ್’ನಲ್ಲಿ ಸುನಿಲ್ ಜಾನಾ ಅವರ ಫೋಟೋಗಳು ಬಂದವು. ಅವೂ ಯುದ್ಧಕಾಲದ ಪತ್ರಿಕೆಯ ಹಾಳೆಗಳೇ. ಬೈಠಕ್ಕಿನ ಗೋಡೆಗೆ ಚಂದ ಕಾಣುವುದಿಲ್ಲ ಅಂತಲೋ ಏನೋ, ಅಂಥವನ್ನ ಈ ಸಂತೆಯಲ್ಲಿ ನಾನು ಕಂಡಿಲ್ಲ.

ಮಳಿಗೆಯವನಿಗೂ ಅವನ ಮಾತಿದೆ, ಹೇಳಿಬಿಡುತ್ತೇನೆ. ಪೂರ್ತಿ ಸಂಚಿಕೆ ಯಾರೂ ಕೊಳ್ಳಲ್ಲ, ಬಿಡಿಸಿ ಮಾರಿದರೆ ಹಾಳೆಯಾದರೂ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲವೂ ಕಸಕ್ಕೆ ಹೋಗುತ್ತದೆ ಅಂದ. ಮೇಲಿಂದ, ಎಲ್ಲ ಸ್ಕ್ಯಾನ್ ಆಗಿ ಕಂಪ್ಯೂಟರಿನಲ್ಲಿ ಇದೆಯಲ್ಲ ಅಂದ. ಬೆನ್ನು ಹರಿದು, ಅರ್ಧ ಪುಟಗಳು ಕಳೆದುಹೋದ ಸಂಚಿಕೆಗೆ ಈ ಮಾತು ಸರಿ. ನನ್ನ ಮನೆಯ ಗೋಡೆಯ ಮೇಲಿರುವುದೆಲ್ಲ ಅಂಥ ಬಿಡಿ ಹಾಳೆಗಳೇ, ಬಂದು ನೋಡಿದವರಿಗೆ ಗೊತ್ತು. ಆದರೆ ಅವನ ಡಬ್ಬದಲ್ಲಿದ್ದವು ಪಿನ್ನು ಸಮೇತ ಗಟ್ಟಿಯಾಗಿದ್ದವು. ಗಟ್ಟಿಯಾದದ್ದನ್ನ ಹರಿದು, ಹರಿದದ್ದನ್ನ ಉಳಿಸಿದೆ ಅನ್ನೋದು ಯಾವ ನ್ಯಾಯ? ಸ್ಕ್ಯಾನಿನಲ್ಲಿ ಓದಬಹುದು, ಒಪ್ಪಿದೆ. ಕಾಗದ ವರ್ಷದಿಂದ ವರ್ಷಕ್ಕೆ ತೆಳುವಾದದ್ದು ಬೆರಳಿಗೆ ಗೊತ್ತಾಗಬೇಕಾದರೆ ಹಾಳೆಯೇ ಬೇಕು.

ಮತ್ತೆ ಹಿಂಬದಿಗೇ ಬರುತ್ತೇನೆ, ಯಾಕೆಂದರೆ ಅದನ್ನ ಉಳಿಸೋದು ಅಂಥ ಕಷ್ಟದ ಕೆಲಸ ಅಲ್ಲವೇ ಅಲ್ಲ. ಸ್ಪ್ರೇ ಅಂಟು, ಬಿಸಿ ಒತ್ತಿ ಅಂಟಿಸೋದು, ಸೆಲೋಟೇಪು ಇವು ಯಾವುವೂ ಬೇಡ. ಆಸಿಡ್ ಇಲ್ಲದ ರಟ್ಟು ತೆಗೆದುಕೊಂಡು, ತೆಳ್ಳನೆಯ ಜಪಾನಿ ಕಾಗದದ ಎರಡು ಪಟ್ಟಿಗಳಿಂದ ಹಾಳೆಯ ಮೇಲಂಚನ್ನು ಮಾತ್ರ ಅದಕ್ಕೆ ತೂಗುಹಾಕಿದರೆ ಸಾಕು. ಅಂಟು ಗೋಧಿ ಗಂಜಿಯದ್ದು. ನಮ್ಮ ಪ್ರೆಸ್ಸಿನಲ್ಲಿ ಬೈಂಡಿಂಗಿಗೆ ಅಂತ ಮೈದಾ ಅಂಟು ಕಾಯಿಸಿ ಮೈಲುತುತ್ತ ಬೆರೆಸುತ್ತಿದ್ದರಲ್ಲ, ಹತ್ತಿರ ಹತ್ತಿರ ಅದೇ, ಮೈಲುತುತ್ತ ಮಾತ್ರ ಹಾಕಬಾರದು. ನಾಳೆ ಬೇಕೆಂದಾಗ ಒದ್ದೆ ಮಾಡಿ ಬಿಡಿಸಬಹುದು, ಹಾಳೆ ಎತ್ತಿ ಹಿಂಬದಿ ಓದಬಹುದು. ಆ ಕಾಲದ ಅಗ್ಗದ ಕಾಗದದಲ್ಲಿ ಮರದ ನಾರನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಅನ್ನೋ ಪದಾರ್ಥ ಹಾಗೇ ಉಳಿದಿರುತ್ತದೆ, ಬೆಳಕು ಬಿದ್ದಷ್ಟೂ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಆದ್ದರಿಂದ ಬಿಸಿಲು ಬೀಳುವ ಗೋಡೆ ಬೇಡವೇ ಬೇಡ. ರಟ್ಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ಪತ್ರಿಕೆಯ ಹೆಸರು, ತಾರೀಖು, ಪುಟಸಂಖ್ಯೆ ಬರೆಯಿರಿ. ಮಾರುವವರು ಇಷ್ಟು ಮಾಡಿದರೆ ಎರಡು ಪೌಂಡು ಜಾಸ್ತಿ ಕೇಳಲಿ, ಕೊಡುತ್ತೇನೆ.

ಊರಿನ ಗೆಳೆಯರಿಗೆ ಒಂದು ಮಾತು. ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ ಹುಟ್ಟಿದ್ದು 1942ರಲ್ಲಿ, ಯುದ್ಧದ ನಡುವೆಯೇ. ಆರ್. ಕೆ. ಲಕ್ಷ್ಮಣ್ ಯುವಕರಾಗಿದ್ದಾಗ ಅದಕ್ಕೆ ವ್ಯಂಗ್ಯಚಿತ್ರ ಬರೆದರು. ಹಳೆ ಜಾಹೀರಾತಿಗೆ, ಹಳೆ ಕಾರ್ಟೂನಿಗೆ ಕಟ್ಟು ಹಾಕಿಸಿ ಹೋಟೆಲಿನ ಗೋಡೆಗೆ ತೂಗುಹಾಕುವ ಹುಚ್ಚು ಬೆಂಗಳೂರಿಗೂ ಬಂದಿದೆ. ನಿಮ್ಮ ಮನೆಯಲ್ಲಿ, ತಾತನ ಟ್ರಂಕಿನಲ್ಲಿ, 1939ರಿಂದ 45ರ ನಡುವಿನ ಯಾವುದೇ ಕನ್ನಡ ಪತ್ರಿಕೆಯ ಸಂಚಿಕೆ ಇದ್ದರೆ ದಯವಿಟ್ಟು ಹಾಳೆ ಬಿಡಿಸಲಿಕ್ಕೆ ಯಾರಿಗೂ ಕೊಡಬೇಡಿ. ಪಿನ್ನು ತುಕ್ಕು ಹಿಡಿದಿದ್ದರೆ ಪಿನ್ನನ್ನಷ್ಟೇ ಮೆಲ್ಲಗೆ ತೆಗೆದು, ಹತ್ತಿ ದಾರದಲ್ಲಿ ಅದೇ ತೂತುಗಳಲ್ಲಿ ಹೊಲಿಯಿರಿ. ಹೇಗೆ ಅಂತ ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ವಿಡಿಯೊ ಕಾಲಿನಲ್ಲಿ ತೋರಿಸಿಕೊಡುತ್ತೇನೆ.