ಎತ್ತಿಗೆ ಜ್ವರ, ಸೆನ್ಸರಿಗೆ ಬರೆ

ಕಾರು ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂದು ಕೇಳದವರಿಲ್ಲ. ಎಷ್ಟು ಗಾಳಿ ಕುಡಿಯುತ್ತದೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಗಾಳಿಗೆ ಬಿಲ್ಲು ಬರುವುದಿಲ್ಲವಲ್ಲ! ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಲೀಟರಿನ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9000 ಲೀಟರ್ ಗಾಳಿ. ಇಷ್ಟೊಂದು ಪುಕ್ಕಟೆ ಮಾಲು ಒಳಗೆ ಹೋಗುವ ದಾರಿಯಲ್ಲಿ ಎಲ್ಲೋ ತಡೆಯಾದರೆ ಇಂಜಿನ್ ಏನು ಮಾಡೀತು? ಏದುಸಿರು ಬಿಡುತ್ತದೆ.

ನನ್ನ ಕಾರು ಬಿಟ್ಟದ್ದು ಅದನ್ನೇ. ನಿಂತಲ್ಲಿ ಐಡ್ಲಿಂಗ್ ನುಣ್ಣಗೆ. ಮೆಲ್ಲಗೆ ಓಡಿಸಿದರೆ ಅದರಷ್ಟು ಸಾಧುಪ್ರಾಣಿ ಇನ್ನೊಂದಿಲ್ಲ. ಏರು ಬಂತೆಂದು ಪೆಡಲ್ ಒತ್ತಿದರೆ ಮಾತ್ರ ಪಿಕಪ್ಪೇ ಇಲ್ಲ. ಹಿಂದಿನವರ ಹಾರ್ನು ಜೋರು, ನನ್ನ ಇಂಜಿನ್ನು ಮೌನ. ಜತೆಗೆ ಮೀಟರಿನಲ್ಲಿ ಚೆಕ್ ಇಂಜಿನ್ನಿನ ಹಳದಿ ದೀಪ.

ಕಾಯಿಲೆಯ ಸುದ್ದಿ ಹಬ್ಬಿದ್ದೇ ವೈದ್ಯರು ಹುಟ್ಟಿಕೊಂಡರು. ನಮ್ಮ ಭಾವ, "ಟಯರಿಗೆ ಗಾಳಿ ಹೊಡೆಸು, ಎಲ್ಲಾ ಸರಿಹೋಗುತ್ತೆ" ಎಂದರು. ಸಹೋದ್ಯೋಗಿಯೊಬ್ಬರ ಪ್ರಕಾರ ಪೆಟ್ರೋಲೇ ಕಲಬೆರಕೆ. ಪಕ್ಕದ ಮನೆಯವರು ಇನ್ನೂ ಸುಲಭದ ದಾರಿ ತೋರಿಸಿದರು: ಬ್ಯಾಟರಿಯ ವೈರು ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹಾಕುವುದು. ಹಾಗೆ ಮಾಡಿದರೆ ದೀಪ ಆರುವುದೇನೋ ಹೌದು. ಅದರೊಂದಿಗೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಂಡ ಸಾಕ್ಷಿಗಳೂ ಅಳಿಸಿಹೋಗುತ್ತವೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲು ಗುಡಿಸಿ ಸಾರಿಸಿದ ಹಾಗೆ. ನಯವಾಗಿ ಬೇಡವೆಂದೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಚುಚ್ಚಿದರು. ಬಂದದ್ದು ಪಿ0101 ಎಂಬ ದೋಷದ ಕೋಡು. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಟ್ಟ: "ಏರ್ ಫ್ಲೋ ಸೆನ್ಸರ್ ಹೋಗಿದೆ ಸಾರ್. ಚೇಂಜ್ ಮಾಡಬೇಕು."

ಈ ಸೆನ್ಸರ್ ಪಾಪದ್ದು. ಏರ್ ಫಿಲ್ಟರ್ ದಾಟಿದ ಗಾಳಿಯ ದಾರಿಯಲ್ಲಿ ಕಾದ ಒಂದು ಸಣ್ಣ ತಂತಿ, ಅಷ್ಟೆ. ಹಾದುಹೋಗುವ ಗಾಳಿ ಅದನ್ನು ತಣಿಸುತ್ತದೆ. ಮತ್ತೆ ಅಷ್ಟೇ ಬಿಸಿಯಾಗಿ ಇಡಲು ಎಷ್ಟು ಕರೆಂಟು ಬೇಕಾಯಿತು ಎಂಬುದರ ಮೇಲೆ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಹೋಯಿತೆಂದು ಲೆಕ್ಕ ಕೊಡುತ್ತದೆ. ಆ ಲೆಕ್ಕ ಕಂಪ್ಯೂಟರಿನ ಅಂದಾಜಿಗೆ ಹೊಂದದಿದ್ದರೆ ಪಿ0101 ಬರುತ್ತದೆ. ತಪ್ಪು ಯಾರದು ಎಂದು ಅದು ಹೇಳುವುದಿಲ್ಲ. ಆದರೆ ಕೋಡಿನ ವಿವರಣೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಬಿಚ್ಚಿ ಎಸೆಯುವುದು ಗ್ಯಾರೇಜಿನ ನ್ಯಾಯ. ಹೊಸ ಸೆನ್ಸರ್ ಬಂತು, ದೀಪ ಆರಿತು, ಬಿಲ್ಲು ಹರಿಯಿತು. ಮುಂದಿನ ಏರಿನಲ್ಲಿ ಮತ್ತದೇ ಏದುಸಿರು. ದೀಪವೂ ಹೆಚ್ಚು ದಿನ ಕಾಯಿಸಲಿಲ್ಲ.

ಎರಡನೆಯ ಗ್ಯಾರೇಜಿನ ಹುಡುಗ ಮಾತು ಕಡಿಮೆ. ಮೊದಲು ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದು ನೋಡಿದ, ಪರವಾಗಿಲ್ಲ. ಕೋಡನ್ನು ಓದಿ ಪಕ್ಕಕ್ಕಿಟ್ಟು, ಇಂಜಿನ್ ಓಡುತ್ತಿರುವಾಗಲೇ ಫ್ಯುಯೆಲ್ ಟ್ರಿಮ್ ನೋಡುತ್ತ ಕೂತ. ಪೆಟ್ರೋಲನ್ನು ಲೆಕ್ಕಕ್ಕಿಂತ ಎಷ್ಟು ಹೆಚ್ಚು ಕಡಿಮೆ ಮಾಡಬೇಕಾಗಿದೆ ಎಂದು ಕಂಪ್ಯೂಟರ್ ಬರೆಯುವ ಶೇಕಡಾವಾರು ಟಿಪ್ಪಣಿ ಅದು. ಸೆನ್ಸರಿನ ಆಚೆ ಎಲ್ಲಾದರೂ ಕಳ್ಳಗಾಳಿ ನುಗ್ಗುತ್ತಿದ್ದರೆ ಐಡ್ಲಿಂಗಿನಲ್ಲಿ ಈ ಅಂಕಿ ಶೇ. 10 ದಾಟಿ ಏರುತ್ತದೆ, ರೇಸ್ ಕೊಟ್ಟಾಗ ಇಳಿಯುತ್ತದೆ. ತಂತಿಗೆ ಕೊಳೆ ಮೆತ್ತಿದ್ದರೆ ತದ್ವಿರುದ್ಧ, ಭಾರ ಬಿದ್ದಷ್ಟೂ ಏರುತ್ತದೆ. ನನ್ನ ಕಾರಿನಲ್ಲಿ ಅಂಕಿ ಸೊನ್ನೆಯ ಸುತ್ತಮುತ್ತಲೇ ಆಡುತ್ತಿತ್ತು.

"ಸೆನ್ಸರ್ ಸುಳ್ಳು ಹೇಳ್ತಿಲ್ಲ ಸಾರ್. ಗಾಳಿ ನಿಜವಾಗ್ಲೂ ಕಮ್ಮಿ ಬರ್ತಿದೆ."

ಅಂದರೆ ಮೊದಲನೆಯದು ಕೆಲಸ ಕಳೆದುಕೊಂಡದ್ದು ನಿಜ ಹೇಳಿದ್ದಕ್ಕೆ!

ಏರಿನಲ್ಲಿ ಓಡಿಸಿ ನೋಡಿದೆವು. 1200 ಸಿಸಿಯ ಇಂಜಿನ್ 3000 ಆರ್‌ಪಿಎಂನಲ್ಲಿ ಪೂರಾ ಬಾಯಿ ತೆರೆದರೆ ನಿಮಿಷಕ್ಕೆ 1800 ಲೀಟರಿನವರೆಗೂ ಗಾಳಿ ಎಳೆಯಬೇಕು. ಎರಡು ಸುತ್ತಿಗೊಮ್ಮೆ 1.2 ಲೀಟರ್, ಗುಣಿಸಿದರೆ ಅಷ್ಟೇ. ನನ್ನದು ಅದರ ಅರ್ಧಕ್ಕೇ ಮುಷ್ಕರ ಹೂಡಿತ್ತು. ಒಳಗೆ ಬರಲು ದಾರಿಯಿಲ್ಲ, ಇಲ್ಲವೇ ಹೊರಗೆ ಹೋಗಲು ದಾರಿಯಿಲ್ಲ ಎಂದ ಹುಡುಗ. ಸೈಲೆನ್ಸರಿನ ದಾರಿಯಲ್ಲಿ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೂ ಇದೇ ಲಕ್ಷಣವಂತೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗವೆಲ್ಲಿ? ಹೊಗೆಯ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರಿನ ತೂತಿಗೆ ಒತ್ತಡದ ಗೇಜ್ ಸಿಕ್ಕಿಸಿ ನೋಡಿದ. ಒತ್ತಡ ಸರಿಯಿತ್ತು.

ಉಳಿದದ್ದು ಒಳದಾರಿ. ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯಿಂದ ಥ್ರಾಟಲ್ ಬಾಡಿಗೆ, ಅಂದರೆ ಪೆಡಲ್ ಒತ್ತಿದಷ್ಟೂ ತೆರೆಯುವ ಗಾಳಿಯ ಬಾಗಿಲಿಗೆ, ಹೋಗುವ ರಬ್ಬರ್ ಹೋಸಿನ ಮೇಲೆ ಕಣ್ಣಿಟ್ಟು, "ರೇಸ್ ಕೊಡಿ ಸಾರ್. ಒಂದೇ ಸಲ, ಜೋರಾಗಿ" ಎಂದ. ಕೊಟ್ಟೆ. ಹೋಸು ಫಕ್ಕನೆ ಒಳಗೆ ಹೀರಿಕೊಂಡು ಚಪ್ಪಟೆಯಾಯಿತು. ಕಾಲು ತೆಗೆದೆ, ಏನೂ ಆಗಿಯೇ ಇಲ್ಲವೆಂಬಂತೆ ಉಬ್ಬಿ ನಿಂತಿತು. ಇಂಜಿನ್ನಿನ ಎಣ್ಣೆಯಾವಿ ತಾಕಿ ತಾಕಿ ಮೆತ್ತಗಾಗಿದ್ದ ರಬ್ಬರು, ಎಳೆತ ಜೋರಾದಾಗಲೆಲ್ಲ ತಾನೇ ಬಾಗಿಲು ಹಾಕಿಕೊಳ್ಳುತ್ತಿತ್ತು. ಇನ್ಸ್‌ಪೆಕ್ಟರ್ ಬಂದಾಗ ಮಾತ್ರ ಕೈಕಟ್ಟಿ ಕೂರುವ ಹುಡುಗರ ಜಾತಿ. ಇಂಜಿನ್ ನಿಲ್ಲಿಸಿದ ಕಾರಿನಲ್ಲಿ ಯಾರು ಎಷ್ಟು ಸಲ ಟಾರ್ಚ್ ಬಿಟ್ಟು ನೋಡಿದರೂ ಅದು ನಿರಪರಾಧಿಯೇ.

ಹೊಸ ಹೋಸು ಹಾಕಿ, ಎರಡೂ ಕ್ಲಾಂಪ್ ಬಿಗಿದಾಯಿತು. ಕಾರು ಏರು ಹತ್ತಿತು, ಹಿಂದಿನವರು ಹಾರ್ನು ನಿಲ್ಲಿಸಿದರು. ಕುತೂಹಲಕ್ಕೆ ಹಳೆಯ ಸೆನ್ಸರನ್ನು ಹಾಕಿಸಿ ನೋಡಿದರೆ ಅದೂ ಹೊಸದರಷ್ಟೇ ಅಂಕಿ ತೋರಿಸಿತು. ಹೊಸದನ್ನು ಪೆಟ್ಟಿಗೆಸಮೇತ ಒಯ್ದು ಮೊದಲ ಗ್ಯಾರೇಜಿನ ಮೇಜಿನ ಮೇಲಿಟ್ಟೆ. ಮೆಕ್ಯಾನಿಕ್ ಈ ಸಲವೂ ಬಾನೆಟ್ ಎತ್ತಲಿಲ್ಲ.

"ಎಲೆಕ್ಟ್ರಿಕಲ್ ಐಟಂ ಸಾರ್, ವಾಪಸ್ ತಗೊಳಲ್ಲ. ಇಟ್ಕೊಂಡಿರಿ, ಹೇಗಿದ್ರೂ ಇನ್ನೊಂದ್ಸಲ ಹೋಗುತ್ತೆ."