ವಿಶ್ವವಿದ್ಯಾಲಯದ ವೆಬ್ ಪುಟ ಯಾರಿಗಾಗಿ?

ವಿಶ್ವವಿದ್ಯಾಲಯದ ಹೆಸರಿನಲ್ಲಿ ವೆಬ್ ಪುಟ ಹಾಕಬೇಕಾದರೆ ಅದಕ್ಕೊಂದು ನಿಯಮಾವಳಿ ಇರುತ್ತದೆ. ಹೆಚ್ಚಿನವರು ಅದನ್ನು ಓದುವುದಿಲ್ಲ. ವಿಭಾಗದ ಪುಟಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ನಾನು ಓದಲೇಬೇಕಾಯಿತು. ಆಮೇಲೆ ಆಸಕ್ತಿ ಹುಟ್ಟಿ ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳ ನಿಯಮಗಳನ್ನೂ ಹುಡುಕಿ ಓದಿದೆ. ಅವುಗಳಲ್ಲಿ ಹೆಚ್ಚಿನವು ಒಂದೇ ರೀತಿ ಶುರುವಾಗುತ್ತವೆ. ಲೋಗೋ ಇಂಥ ಕಡೆಯೇ ಇರಬೇಕು, ಅದರ ಸುತ್ತ ಇಷ್ಟು ಜಾಗ ಬಿಡಬೇಕು, ಬಣ್ಣ ಇದೇ ಆಗಿರಬೇಕು, ಅನುಮತಿ ಇಂಥವರಿಂದ ಪಡೆಯಬೇಕು. ಓದುಗರ ವಿಷಯ ಬರುವುದು ಕೊನೆಯಲ್ಲಿ. ಕೆಲವು ಕಡೆ ಬರುವುದೇ ಇಲ್ಲ.

ನಿಯಮವೇ ಬೇಡ ಅನ್ನುವವನು ನಾನಲ್ಲ. ಬೇಕೇ ಬೇಕು. ಆದರೆ ಅದು ಸಂಸ್ಥೆಯ ಹೆಸರನ್ನು ಕಾಯುವ ಮೊದಲು ಪುಟವನ್ನು ಹುಡುಕಿಕೊಂಡು ಬಂದವರನ್ನು ಕಾಯಬೇಕು. ಪುಟ ಇರುವುದೇ ಅವರಿಗಾಗಿ ಅಲ್ವಾ?

ಮೊದಲು ಪುಟದ ವಿಳಾಸ, ಅಂದರೆ ಲಿಂಕ್‌ನ ವಿಷಯ ಹೇಳುತ್ತೇನೆ. ನನ್ನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು.

ವೆಬ್ ಹುಟ್ಟಿದ್ದು ಒಂದು ಸಂಶೋಧನಾ ಸಂಸ್ಥೆಯಲ್ಲಿ. ಜಿನೀವಾ ಬಳಿಯ ಸರ್ನ್‌ನಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಅಲ್ಲಿನ ಆಡಳಿತದ ಮುಂದೆ ಒಂದು ಪ್ರಸ್ತಾವ ಇಟ್ಟರು. ಅದರಲ್ಲಿ ಅವರು ಹೇಳಿಕೊಂಡ ತೊಂದರೆ ಏನು ಗೊತ್ತಾ? ಸರ್ನ್‌ಗೆ ಬರುವವರು ಸಾಮಾನ್ಯವಾಗಿ ಎರಡು ವರ್ಷ ಇದ್ದು ಹೋಗಿಬಿಡುತ್ತಾರೆ, ಅವರ ಜೊತೆ ಮಾಹಿತಿಯೂ ಕಳೆದುಹೋಗುತ್ತಿದೆ ಅನ್ನುವುದು. ಜನ ಹೋದರೂ ಮಾಹಿತಿ ಉಳಿಯಲಿ ಅಂತ ಯೋಚಿಸಿ ಮಾಡಿದ ವ್ಯವಸ್ಥೆ ಇದು. 1993ರ ಏಪ್ರಿಲ್ 30ರಂದು ಸರ್ನ್ ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಲಿ ಅಂತ ಲೋಕಕ್ಕೆ ಬಿಟ್ಟುಕೊಟ್ಟಿತು. ಇವತ್ತು ಅದೇ ವೆಬ್‌ನಲ್ಲಿ, ಸಂಸ್ಥೆ ಬಿಟ್ಟು ಹೋದವರ ಪುಟಗಳನ್ನು ನಾವು ನಿಯಮ ತೋರಿಸಿ ಅಳಿಸುತ್ತಿದ್ದೇವೆ. ಇದು ನನಗೆ ನಿಜಕ್ಕೂ ನೋವು ತರುತ್ತದೆ.

ಅನೇಕ ಕಡೆ ನಡೆಯುವುದು ಹೀಗೆ. ಕೆಲಸ ಬಿಟ್ಟವರ ಅಥವಾ ನಿವೃತ್ತರಾದವರ ಖಾತೆಯನ್ನು ಇಂತಿಷ್ಟು ದಿನಗಳಲ್ಲಿ ಮುಚ್ಚಬೇಕು. ಭದ್ರತೆಯ ದೃಷ್ಟಿಯಿಂದ ಇದು ಸರಿಯೇ. ಯಾರೂ ಬಳಸದ ಪಾಸ್‌ವರ್ಡ್ ಇದ್ದಷ್ಟು ದಿನ ಅಪಾಯ. ಆದರೆ ಖಾತೆಯ ಜೊತೆ ಅದರಡಿ ಇದ್ದ ಪುಟಗಳೂ ಹೋಗುತ್ತವೆ. ಲಾಗಿನ್ ಮುಚ್ಚುವುದು ಬೇರೆ, ಪುಟ ಅಳಿಸುವುದು ಬೇರೆ. ನಿಯಮ ಬರೆದವರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದ್ದಾರೆ. ಒಬ್ಬ ಪ್ರಾಧ್ಯಾಪಕಿ ವರ್ಷಗಟ್ಟಲೆ ತಿದ್ದಿ ತೀಡಿ ಇಟ್ಟ ಪಾಠದ ಟಿಪ್ಪಣಿಗಳು, ಲೆಕ್ಕಗಳು, ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳು ಅವರ ಬೀಳ್ಕೊಡುಗೆ ಮುಗಿದ ಕೆಲವೇ ತಿಂಗಳಲ್ಲಿ ಮಾಯ. ಬರೆದವರು ನಿವೃತ್ತರಾದರು ಅಂತ ಗ್ರಂಥಾಲಯ ಅವರ ಪುಸ್ತಕವನ್ನು ಕಪಾಟಿನಿಂದ ತೆಗೆದು ಹೊರಗೆ ಹಾಕುತ್ತದಾ?

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದ ನಂತರ ಸಿಗುತ್ತಿರಲಿಲ್ಲ. ಹಾರ್ವರ್ಡ್‌ನ ಕಾನೂನು ವಿದ್ವಾಂಸರು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪುಗಳಲ್ಲಿದ್ದ ಲಿಂಕ್‌ಗಳನ್ನು ಪರೀಕ್ಷಿಸಿದಾಗ, ಅರ್ಧದಷ್ಟು ಲಿಂಕ್‌ಗಳು ತೀರ್ಪಿನಲ್ಲಿ ಉಲ್ಲೇಖಿಸಿದ ಮಾಹಿತಿಯನ್ನು ತೋರಿಸುತ್ತಲೇ ಇರಲಿಲ್ಲ. ಒಂದು ಪ್ರಬಂಧದ ಅಡಿಟಿಪ್ಪಣಿಯಲ್ಲಿ ಇರುವ ಲಿಂಕ್ ಸತ್ತರೆ ಆ ವಾದದ ಒಂದು ಆಧಾರವೇ ಹೋದ ಹಾಗೆ. ಉಳಿದ ಸಂಸ್ಥೆಗಳ ಮಾತು ಬಿಡಿ. ಆಧಾರ ತೋರಿಸಿ ಮಾತಾಡಬೇಕು ಅಂತ ಪಾಠ ಹೇಳುವ ವಿಶ್ವವಿದ್ಯಾಲಯವೇ ಹೀಗೆ ಮಾಡಬಾರದು.

ವಿಳಾಸ ಉಳಿಸಲು ಆಗುವುದಿಲ್ಲ ಅನ್ನುವವರಿಗೆ 'ಆರ್ಕೈವ್' (arXiv) ಅನ್ನುವ ವೆಬ್‌ಸೈಟ್ ತೋರಿಸುತ್ತೇನೆ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಶುರು ಮಾಡಿದ ಪ್ರಬಂಧಗಳ ಭಂಡಾರ ಅದು. 2001ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂತು. ಊರು ಬದಲಾಯಿತು, ಯಂತ್ರಗಳು ಬದಲಾದವು, ತಂತ್ರಾಂಶ ಬದಲಾಯಿತು. ಆದರೂ ಮೊದಲ ವರ್ಷದ ಪ್ರಬಂಧಕ್ಕೆ ಕೊಟ್ಟ ಗುರುತಿನ ಸಂಖ್ಯೆ ಹಾಕಿದರೆ ಇವತ್ತೂ ಅದೇ ಪ್ರಬಂಧ ತೆರೆಯುತ್ತದೆ. ಹಾಗೆ ಇರಬೇಕು ಅಂತ ಯಾರೋ ತೀರ್ಮಾನ ಮಾಡಿದ್ದರು, ಉಳಿಯಿತು.

ನಿವೃತ್ತಿಗಿಂತ ಜಾಸ್ತಿ ಪುಟಗಳನ್ನು ನುಂಗುವುದು ಹೊಸ ವಿನ್ಯಾಸ. ಕೆಲವು ವರ್ಷಕ್ಕೊಮ್ಮೆ ವೆಬ್‌ಸೈಟನ್ನು ಪೂರ್ತಿ ಬದಲಾಯಿಸುತ್ತಾರೆ. ಉದ್ಘಾಟನೆ ಆಗುತ್ತದೆ, ಫೋಟೋ ಬರುತ್ತದೆ. ಮಾರನೆಯ ದಿನ ಹಳೆಯ ಲಿಂಕ್‌ಗಳೆಲ್ಲ 404, ಅಂದರೆ 'ಪುಟ ಸಿಗಲಿಲ್ಲ'. ಬರ್ನರ್ಸ್-ಲೀ 1998ರಲ್ಲೇ ಇದರ ಬಗ್ಗೆ ಒಂದು ಟಿಪ್ಪಣಿ ಬರೆದರು. ವಿಳಾಸದಲ್ಲಿ ತಂತ್ರಾಂಶದ ಹೆಸರು ಬೇಡ, ಕಡತದ ಬಾಲ (.html ಥರದ್ದು) ಬೇಡ, ಬರೆದವರ ಹೆಸರು ಬೇಡ, ಏಕೆಂದರೆ ಇವೆಲ್ಲ ಬದಲಾಗುವಂಥವು ಅನ್ನುವುದು ಅವರ ಮಾತಿನ ಸಾರ. ಇಷ್ಟು ವರ್ಷ ಆದರೂ ಹೊಸ ವೆಬ್‌ಸೈಟುಗಳಲ್ಲಿ ಅದೇ ಉದ್ದನೆಯ, ಪ್ರಶ್ನಾರ್ಥಕ ಚಿಹ್ನೆ ಮತ್ತು ಅಂಕಿಗಳು ತುಂಬಿದ ವಿಳಾಸಗಳನ್ನೇ ನೋಡುತ್ತೇನೆ.

ಪರಿಹಾರ ಕಷ್ಟದ್ದಲ್ಲ. ಪುಟ ಬೇರೆ ಕಡೆ ಹೋದರೆ ಹಳೆಯ ವಿಳಾಸದಿಂದ ಹೊಸದಕ್ಕೆ ತಾನಾಗಿಯೇ ಕಳಿಸುವ ವ್ಯವಸ್ಥೆ ಪ್ರತಿಯೊಂದು ಸರ್ವರ್‌ನಲ್ಲೂ ಇದೆ. ಅದರ ಸಂಕೇತ 301. ಬೇಕೆಂದೇ ತೆಗೆದಿದ್ದರೆ 410 ಅಂತ ಹೇಳಬಹುದು. ಆಗ ಓದುಗರಿಗೆ 'ಇದು ಇತ್ತು, ಈಗ ತೆಗೆದಿದ್ದೇವೆ' ಅನ್ನುವುದಾದರೂ ಗೊತ್ತಾಗುತ್ತದೆ. ವೆಬ್‌ಸೈಟ್ ಮಾಡಿಕೊಡುವ ಕಂಪನಿಗೆ ಈ ಷರತ್ತನ್ನು ಟೆಂಡರ್‌ನಲ್ಲೇ ಹಾಕಬೇಕು. ಹಳೆಯ ವಿಳಾಸಗಳ ಪಟ್ಟಿ ಕೊಟ್ಟು, ಅವೆಲ್ಲ ಸರಿಯಾದ ಜಾಗಕ್ಕೆ ಹೋಗುತ್ತವೆ ಅಂತ ತೋರಿಸಿದ ಮೇಲೇ ಕೊನೆಯ ಕಂತಿನ ಹಣ ಕೊಡಬೇಕು. ಇಂಥ ಒಂದು ವಾಕ್ಯ ನಿಯಮಾವಳಿಯಲ್ಲಿ ಇದ್ದರೆ ಲೋಗೋ ಬಗ್ಗೆ ಬರೆದ ಹತ್ತು ಪುಟಕ್ಕಿಂತ ಹೆಚ್ಚು ಉಪಯೋಗ.

ಇನ್ನು, ಪುಟ ಇದ್ದರೂ ಓದಲು ಆಗದವರ ವಿಷಯ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಕೇಳಿಸಿಕೊಳ್ಳುತ್ತಾರೆ. ಕೈ ಸ್ವಾಧೀನದಲ್ಲಿ ಇಲ್ಲದವರು ಮೌಸ್ ಬಿಟ್ಟು ಕೀಬೋರ್ಡ್‌ನಿಂದಲೇ ಓಡಾಡುತ್ತಾರೆ. ಇವರಿಗೆಲ್ಲ ಪುಟ ದಕ್ಕಬೇಕಾದರೆ ಏನು ಮಾಡಬೇಕು ಅನ್ನುವುದಕ್ಕೆ ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 1999ರಿಂದಲೂ ಮಾರ್ಗಸೂಚಿ ಕೊಡುತ್ತಾ ಬಂದಿದೆ. ಅದರ 2.2ನೇ ಆವೃತ್ತಿ ಬಂದದ್ದು 2023ರಲ್ಲಿ. ಸಾಮಾನ್ಯ ಗಾತ್ರದ ಅಕ್ಷರದ ಬಣ್ಣಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಬೇಕು ಅನ್ನುವಷ್ಟು ಖಚಿತವಾಗಿ ಅದರಲ್ಲಿ ಬರೆದಿದೆ. ವಿಶ್ವವಿದ್ಯಾಲಯದ 'ಅಧಿಕೃತ ಬಣ್ಣ'ದಲ್ಲಿ ಬರೆದ ಬಿಳಿಯ ಮೇಲಿನ ತಿಳಿ ಬೂದು ಅಕ್ಷರಗಳು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಆಗ ಯಾವ ನಿಯಮ ಗೆಲ್ಲಬೇಕು? ಬಣ್ಣದ್ದಂತೂ ಅಲ್ಲ.

ನನಗೆ ತುಂಬಾ ಸಿಟ್ಟು ಬರುವುದು ಸ್ಕ್ಯಾನ್ ಮಾಡಿದ ಪಿಡಿಎಫ್ ಕಂಡಾಗ. ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ ಹಾಕಿಸುತ್ತಾರೆ, ಸೀಲ್ ಒತ್ತುತ್ತಾರೆ, ಮತ್ತೆ ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಏರಿಸುತ್ತಾರೆ. ಟೈಪ್ ಮಾಡಿದಾಗ ಅಕ್ಷರವಾಗಿ ಇದ್ದದ್ದು ಈಗ ಬರೀ ಚಿತ್ರ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಓದಲು ಏನೂ ಇಲ್ಲ. ಹುಡುಕಿದರೆ ಸಿಗುವುದಿಲ್ಲ. ಫೋನಿನಲ್ಲಿ ನೋಡಿದರೆ ಅತ್ತಿತ್ತ ಎಳೆದಾಡಬೇಕು. ಪರೀಕ್ಷೆಯ ದಿನಾಂಕ ಬದಲಾದ ಸುತ್ತೋಲೆ ಹೀಗೆ ಬಂದರೆ, ಕಣ್ಣು ಕಾಣದ ವಿದ್ಯಾರ್ಥಿ ಅದನ್ನು ಬೇರೆಯವರಿಂದ ಓದಿಸಿಕೊಳ್ಳಬೇಕು. ಸಹಿ ಬೇಕಿದ್ದರೆ ಕಡತದಲ್ಲಿ ಇಟ್ಟುಕೊಳ್ಳಲಿ. ವೆಬ್‌ಸೈಟಿಗೆ ಪಠ್ಯ ಬರಲಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅವರು ತರಗತಿಯ ಉಪನ್ಯಾಸಗಳನ್ನು ವರ್ಷಗಟ್ಟಲೆ ಉಚಿತವಾಗಿ ಹೊರಗಿನವರಿಗೂ ಕೊಡುತ್ತಿದ್ದರು. ಕಿವಿ ಕೇಳದವರಿಗೆ ಬೇಕಾದ, ಮಾತನ್ನು ತೆರೆಯ ಮೇಲೆ ಅಕ್ಷರದಲ್ಲಿ ತೋರಿಸುವ ಶೀರ್ಷಿಕೆಗಳು ಅನೇಕ ವಿಡಿಯೊಗಳಲ್ಲಿ ಇರಲಿಲ್ಲ. ದೂರು ಹೋಯಿತು. ಇದು ಕಾನೂನಿಗೆ ವಿರುದ್ಧ ಅಂತ ಅಮೆರಿಕದ ನ್ಯಾಯ ಇಲಾಖೆ 2016ರಲ್ಲಿ ಹೇಳಿತು. ವಿಶ್ವವಿದ್ಯಾಲಯ ಏನು ಮಾಡಿತು? 2017ರಲ್ಲಿ 20,000ಕ್ಕೂ ಹೆಚ್ಚು ವಿಡಿಯೊ ಮತ್ತು ಆಡಿಯೊಗಳನ್ನು ಸಾರ್ವಜನಿಕರಿಗೆ ಸಿಗದ ಹಾಗೆ ಲಾಗಿನ್ ಹಿಂದೆ ಸರಿಸಿತು. ಕೊನೆಗೆ 2022ರಲ್ಲಿ, ತನ್ನ ಆನ್‌ಲೈನ್ ಸಾಮಗ್ರಿ ಎಲ್ಲರಿಗೂ ಬಳಸಲು ಬರುವಂತೆ ಮಾಡುತ್ತೇನೆ ಅಂತ ಸರ್ಕಾರದ ಜೊತೆ ಒಪ್ಪಂದಕ್ಕೆ ಬಂತು.

ಈ ಕಥೆ ಕೇಳಿದ ಕೆಲವರು ದೂರು ಕೊಟ್ಟವರನ್ನೇ ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಕೇಳಿದ್ದು ಶೀರ್ಷಿಕೆ. ವಿಡಿಯೊ ತೆಗೆಯಿರಿ ಅಂತ ಅವರು ಕೇಳಿರಲಿಲ್ಲ. ತಪ್ಪಾದದ್ದು ಶುರುವಿನಲ್ಲೇ. ಒಂದೊಂದು ಉಪನ್ಯಾಸ ಏರಿಸುವಾಗಲೇ ಶೀರ್ಷಿಕೆ ಹಾಕಿದ್ದರೆ ಅದು ಆ ದಿನದ ಕೆಲಸದ ಒಂದು ಭಾಗ. 20,000 ಸೇರಿದ ಮೇಲೆ ಹಾಕಿ ಅಂದರೆ ಬೆಟ್ಟದಷ್ಟು ಖರ್ಚು. ಅದಕ್ಕೇ ಇದು ಪ್ರಕಟಿಸುವ ಹೊತ್ತಿನ ನಿಯಮ ಆಗಬೇಕು. ಚಿತ್ರಕ್ಕೆ ವಿವರಣೆ ಬರೆಯದೆ, ವಿಡಿಯೊಗೆ ಶೀರ್ಷಿಕೆ ಹಾಕದೆ 'ಪ್ರಕಟಿಸು' ಗುಂಡಿ ಒತ್ತಲು ಬರಲೇಬಾರದು.

ವಿದ್ಯಾರ್ಥಿಗಳ ವೈಯಕ್ತಿಕ ಮಾಹಿತಿಗೆ ಬರುತ್ತೇನೆ. ಫಲಿತಾಂಶ, ವಿದ್ಯಾರ್ಥಿವೇತನ, ಹಾಸ್ಟೆಲ್ ಹಂಚಿಕೆ ಹೀಗೆ ಪಟ್ಟಿಗಳು ಬರುತ್ತಲೇ ಇರುತ್ತವೆ. ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ಅಂಕ ಎಲ್ಲ ಇರುವ ಕಡತವನ್ನು ಹಾಗೇ ಏರಿಸಿಬಿಡುತ್ತಾರೆ. ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಳೆಯನ್ನು ಒಂದು ವಾರಕ್ಕೆ ಕಿತ್ತು ಹಾಕುತ್ತಾರೆ. ಇದು ಹಾಗಲ್ಲ. ಹತ್ತು ವರ್ಷದ ನಂತರವೂ ಹೆಸರು ಹಾಕಿ ಹುಡುಕಿದರೆ ಆ ಹುಡುಗಿ ಯಾವ ವಿಷಯದಲ್ಲಿ ಫೇಲಾಗಿದ್ದಳು ಅಂತ ಯಾರಿಗೆ ಬೇಕಾದರೂ ಕಾಣುತ್ತದೆ. ಪಿಡಿಎಫ್‌ನಲ್ಲಿ ಅಕ್ಷರದ ಮೇಲೆ ಕಪ್ಪು ಪಟ್ಟಿ ಎಳೆದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಅನೇಕ ಸಲ ಆ ಪಟ್ಟಿಯ ಅಡಿಯ ಅಕ್ಷರಗಳನ್ನು ಕಾಪಿ ಮಾಡಿಕೊಳ್ಳಬಹುದು. 'ರೋಬೋಟ್ಸ್' (robots.txt) ಕಡತದಲ್ಲಿ ಸರ್ಚ್ ಎಂಜಿನ್‌ಗಳು ಇದನ್ನು ನೋಡುವುದು ಬೇಡ ಅಂತ ಬರೆದಿದ್ದೇವಲ್ಲ ಅನ್ನುವವರೂ ಇದ್ದಾರೆ. ಅದು 1994ರಲ್ಲಿ ಹುಟ್ಟಿದ ಒಂದು ಒಪ್ಪಂದ ಅಷ್ಟೇ. ಸರ್ಚ್ ಎಂಜಿನ್‌ಗಳಿಗೆ ಮಾಡುವ ವಿನಂತಿ. ಕೇಳದವರು ಕೇಳುವುದಿಲ್ಲ, ಮೇಲಾಗಿ ಗುಟ್ಟಿನ ಕಡತ ಎಲ್ಲಿದೆ ಅಂತ ಅದೇ ತೋರಿಸಿಕೊಡುತ್ತದೆ. ವಿದ್ಯಾರ್ಥಿ ಲಾಗಿನ್ ಆಗಿ ತನ್ನ ಫಲಿತಾಂಶ ತಾನು ನೋಡಲಿ. ಬೇರೆ ದಾರಿ ಬೇಕಿಲ್ಲ.

ಮರೆತುಹೋದ ಪುಟಗಳ ಅಪಾಯ ಇನ್ನೊಂದು. ಸಮ್ಮೇಳನಕ್ಕೆ ಅಂತ ಒಂದು ಸಬ್‌ಡೊಮೇನ್, ಅಂದರೆ ವಿಶ್ವವಿದ್ಯಾಲಯದ ವಿಳಾಸದಡಿ ಒಂದು ಉಪವಿಳಾಸ ಮಾಡುತ್ತಾರೆ, ಹೊರಗಿನ ಯಾವುದೋ ಸೇವೆಗೆ ಜೋಡಿಸುತ್ತಾರೆ. ಸಮ್ಮೇಳನ ಮುಗಿಯುತ್ತದೆ, ಆ ಸೇವೆಯ ಖಾತೆ ಮುಚ್ಚುತ್ತದೆ, ಜೋಡಣೆ ಮಾತ್ರ ಹಾಗೇ ಉಳಿಯುತ್ತದೆ. ಮೋಸಗಾರರು ಅದೇ ಖಾಲಿ ಜಾಗವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ವಿಳಾಸದಲ್ಲೇ ಜೂಜಿನ ಜಾಹೀರಾತು ಬರುತ್ತದೆ. ಆದ್ದರಿಂದ ಪ್ರತಿ ಪುಟಕ್ಕೂ ಹೊಣೆ ಹೊರುವ ಒಂದು ವಿಭಾಗ ಇರಬೇಕು, ಅದರ ಹೆಸರು ಮತ್ತು ಕೊನೆಯ ಸಲ ತಿದ್ದಿದ ದಿನಾಂಕ ಪುಟದಲ್ಲೇ ಕಾಣಬೇಕು. ವ್ಯಕ್ತಿಯ ಹೆಸರಿಗಿಂತ ಹುದ್ದೆಯ ಹೆಸರು ಒಳ್ಳೆಯದು. ವ್ಯಕ್ತಿ ಹೋಗುತ್ತಾರೆ, ಹುದ್ದೆ ಉಳಿಯುತ್ತದೆ.

ಅಧ್ಯಾಪಕರ ಸ್ವಂತ ಪುಟಗಳ ವಿಷಯದಲ್ಲಿ ನನ್ನ ನಿಲುವು ಹಲವರಿಗೆ ಇಷ್ಟವಾಗಲಿಕ್ಕಿಲ್ಲ. ವಿಳಾಸದಲ್ಲಿ ಅಲೆಯಂಥ ಒಂದು ಗುರುತು, ಪಕ್ಕದಲ್ಲಿ ಹೆಸರು ಇರುತ್ತಿದ್ದ ಆ ಹಳೆಯ ಪುಟಗಳು ಗೊತ್ತಲ್ಲ? ಅವುಗಳಿಗೆ ಟೆಂಪ್ಲೇಟ್ ಇರಲಿಲ್ಲ. ನೋಡಲು ಸಾದಾ, ಒಳಗೆ ಬಂಗಾರ. ಈಗ ಅವನ್ನೆಲ್ಲ ಮುಚ್ಚಿ, ಒಂದು ಫೋಟೋ, ಒಂದು ಇಮೇಲ್, ಪ್ರಕಟಣೆಗಳ ಪಟ್ಟಿ ಇರುವ ಒಂದೇ ಅಚ್ಚಿನ ಪುಟ ಕೊಡುತ್ತಿದ್ದಾರೆ. ಇದನ್ನು ನಾನು ವಿರೋಧಿಸುತ್ತೇನೆ. ಸ್ವಂತ ಪುಟದಲ್ಲಿ 'ಇಲ್ಲಿರುವ ಅಭಿಪ್ರಾಯ ನನ್ನದು, ವಿಶ್ವವಿದ್ಯಾಲಯದ್ದಲ್ಲ' ಅನ್ನುವ ಒಂದು ಸಾಲು ಇರಲಿ, ಕಾನೂನು ಮೀರದಿರಲಿ, ವ್ಯಾಪಾರ ಮಾಡದಿರಲಿ. ಅದಕ್ಕಿಂತ ಜಾಸ್ತಿ ಕೈ ಹಾಕಬಾರದು.

ಹಾಗಾದರೆ ಯಾರು ಏನು ಬೇಕಾದರೂ ಬರೆಯಬಹುದಾ? ಈ ಪ್ರಶ್ನೆ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲೇ ಎದ್ದಿತ್ತು. ಅಲ್ಲಿ ಎಂಜಿನಿಯರಿಂಗ್ ಕಲಿಸುತ್ತಿದ್ದ ಆರ್ಥರ್ ಬಟ್ಜ್, ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದದ್ದೇ ಸುಳ್ಳು ಅನ್ನುವ ವಾದವನ್ನು ವಿಶ್ವವಿದ್ಯಾಲಯದ ಸರ್ವರ್‌ನಲ್ಲಿದ್ದ ತಮ್ಮ ಪುಟದಲ್ಲಿ ಹಾಕಿದ್ದರು. ಅಧ್ಯಕ್ಷರಾಗಿದ್ದ ಹೆನ್ರಿ ಬೀನೆನ್ ಆ ವಾದವನ್ನು ಖಂಡಿಸಿದರು. ಪುಟ ತೆಗೆಸಲಿಲ್ಲ. ಅಂಥ ಸುಳ್ಳು ಓದಿದರೆ ಮೈ ಉರಿಯುತ್ತದೆ. ಆದರೂ ಅಧ್ಯಕ್ಷರು ಮಾಡಿದ್ದು ಸರಿ ಅನ್ನುತ್ತೇನೆ. ವಿಷಯ ಇಷ್ಟವಾಗಲಿಲ್ಲ ಅಂತ ಪುಟ ಅಳಿಸುವ ಅಧಿಕಾರವನ್ನು ಒಂದು ಕಚೇರಿಗೆ ಕೊಟ್ಟರೆ, ಅದು ಮೊದಲು ಬೀಳುವುದು ಆಡಳಿತವನ್ನು ಪ್ರಶ್ನಿಸುವ ಅಧ್ಯಾಪಕರ ಮೇಲೆ, ಶುಲ್ಕ ಏರಿಕೆ ವಿರೋಧಿಸುವ ವಿದ್ಯಾರ್ಥಿಗಳ ಮೇಲೆ. ಸುಳ್ಳಿಗೆ ಉತ್ತರ ಅದೇ ವಿಶ್ವವಿದ್ಯಾಲಯದ ಇತಿಹಾಸಕಾರರು ಆಧಾರ ಇಟ್ಟು ಬರೆಯುವ ಇನ್ನೊಂದು ಪುಟ.

ಲೋಗೋ, ಬಣ್ಣ ಬೇಡವೇ ಬೇಡ ಅನ್ನುವುದಿಲ್ಲ. ನಕಲಿ ಪ್ರವೇಶ ಪುಟಗಳು ಹರಿದಾಡುವ ಕಾಲದಲ್ಲಿ ಇದು ಅಸಲಿ ಅಂತ ಗುರುತಿಸಲು ಅವು ಬೇಕು. ಅಧಿಕೃತ ಪುಟಗಳಿಗೆ ಮಾತ್ರ ಸಾಕು.

ಕೊನೆಯದು ಅನುಮತಿ. ಒಂದು ಪುಟ ಹಾಕಲು ವಿಭಾಗದ ಮುಖ್ಯಸ್ಥರು, ಡೀನ್, ಪ್ರಚಾರ ಕಚೇರಿ, ಕಂಪ್ಯೂಟರ್ ಕೇಂದ್ರ ಅಂತ ನಾಲ್ಕು ಸಹಿ ಬೇಕಾದರೆ, ಉತ್ಸಾಹ ಇದ್ದವರು ಸುಮ್ನೆ ಹೊರಗೆ ಹೋಗುತ್ತಾರೆ. ಉಚಿತವಾಗಿ ಜಾಗ ಕೊಡುವ ಕಂಪನಿಯಲ್ಲಿ ಪುಟ ಮಾಡಿಕೊಳ್ಳುತ್ತಾರೆ. ಆ ಕಂಪನಿ ಒಂದು ದಿನ ಬಾಗಿಲು ಹಾಕುತ್ತದೆ. 2009ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ಮುಚ್ಚಿದಾಗ ಜನ ಕಟ್ಟಿದ್ದ ಲಕ್ಷಾಂತರ ಪುಟಗಳು ಒಟ್ಟಿಗೇ ಹೋದವು. ಇಂಟರ್‌ನೆಟ್ ಆರ್ಕೈವ್ ಮತ್ತು ಕೆಲವು ಸ್ವಯಂಸೇವಕರು ಎಷ್ಟು ಆಗುತ್ತದೋ ಅಷ್ಟನ್ನು ನಕಲು ಮಾಡಿ ಉಳಿಸಿದರು. ಹಾಗಾಗಿ ನಿಯಮಾವಳಿಯಲ್ಲಿ ಅರ್ಜಿ ಹಾಕುವವರಿಗೆ ಮಾತ್ರ ಷರತ್ತು ಇದ್ದರೆ ಸಾಲದು, ಅನುಮತಿ ಕೊಡುವವರಿಗೂ ಗಡುವು ಇರಬೇಕು. ಬೇಡ ಅನ್ನುವುದಾದರೆ ಕಾರಣವನ್ನು ಬರೆದು ಕೊಡಲಿ. ಗಡುವಿನೊಳಗೆ ಉತ್ತರವೇ ಬರದಿದ್ದರೆ ಪುಟ ಪ್ರಕಟವಾಗಲಿ.